ಅರವತ್ತು ತುಂಬಿದ ಹುಡುಗರ ಕೈತೋಟ

ನಮ್ಮ ಓಣಿಯಲ್ಲಿ ಯಾರು ನಿವೃತ್ತರಾದರು ಎಂಬುದನ್ನು ನನಗೆ ಯಾರೂ ಹೇಳಬೇಕಾಗಿಲ್ಲ. ಬೀಳ್ಕೊಡುಗೆಯ ಹಾರ ಇನ್ನೂ ಮೊಳೆಯಿಂದ ಇಳಿದಿರುವುದಿಲ್ಲ, ಅಷ್ಟರಲ್ಲಿ ಬಾಗಿಲ ಮುಂದೆ ಪ್ಲಾಸ್ಟಿಕ್ ಕುಂಡ, ತೆಂಗಿನ ನಾರಿನ ಪುಡಿಯ ಇಟ್ಟಿಗೆ, ಬಣ್ಣಬಣ್ಣದ ಬೀಜದ ಪೊಟ್ಟಣ ಬಂದು ಬಿದ್ದಿರುತ್ತವೆ. ಜೂನ್‌ನಲ್ಲಿ ಉತ್ಸಾಹ, ಆಗಸ್ಟ್‌ನಲ್ಲಿ ಹಳದಿ ಎಲೆ, ಬೇಸಿಗೆ ಬರುವ ಹೊತ್ತಿಗೆ ಖಾಲಿ ಕುಂಡದಲ್ಲಿ ಬೆಕ್ಕು ಮಲಗಿರುತ್ತದೆ. ಇವರಲ್ಲಿ ಕೆಲವರಿಗೆ ಮಗ್ಗಿ ಕಲಿಸಿದವಳು ನಾನು. ಈಗಲೂ ಕಂಪೌಂಡಿನ ಆಚೆಯಿಂದ "ಅಕ್ಕೋರೇ, ಗಿಡ ಯಾಕೆ ಹೀಗಾಯಿತು?" ಎಂದು ಕೇಳುತ್ತಾರೆ. ಅರವತ್ತು ತುಂಬಿದರೂ ನನಗೆ ಅವರು ಹುಡುಗರೇ, ಬೈಯಲು ಸಂಕೋಚವೇನೂ ಇಲ್ಲ.

ಮೊದಲು, ಆ ಪೈಪನ್ನು ಕೆಳಗಿಡಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಒಮ್ಮೆ ನೀರು, ಸಂಜೆ ಚಹಾ ಕುಡಿದು ಇನ್ನೊಮ್ಮೆ. ನಿಮಗೆ ಹೊತ್ತು ಹೋಗುವುದಿಲ್ಲವೆಂದು ಗಿಡಕ್ಕೆ ಯಾಕೆ ಶಿಕ್ಷೆ? ನಮ್ಮ ವಿಜಯಪುರದ ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಬೇರಿಗೆ ಗಾಳಿಯಾಡುವುದಿಲ್ಲ. ಒಣಗಿದರೆ ಕೈ ತೂರುವಷ್ಟು ಬಿರಿದು ಬೇರನ್ನೇ ಹರಿಯುತ್ತದೆ. ಹಸಿಯಾಗಿರುವಾಗ ಅದರ ಮೇಲೆ ಕಾಲಿಡಬೇಡಿ, ಗುದ್ದಲಿಯನ್ನಂತೂ ಮುಟ್ಟಲೇಬೇಡಿ. ಹದಕ್ಕೆ ಆರಿದ ಮೇಲೆ ಅಗೆದು ಹಳೆಯ ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಬೆರೆಸಿ. ಮೂಸಿದರೆ ಮಣ್ಣಿನ ವಾಸನೆ ಬರಬೇಕು, ಸಗಣಿಯದಲ್ಲ. ಹಸಿ ಸಗಣಿ ಸುರಿದು ಗೆದ್ದಲು ಬರಿಸಿಕೊಂಡು ನನ್ನ ಮುಂದೆ ಅಳಬೇಡಿ.

ಬ್ರೊಕೊಲಿ, ಕೆಂಪು ಎಲೆಕೋಸು ಎಲ್ಲ ಆಮೇಲೆ. ಅಡುಗೆಮನೆಯ ಡಬ್ಬಿಯಲ್ಲಿರುವ ಮೆಂತ್ಯದಿಂದ ಶುರು ಮಾಡಿ. ರಾಜಗಿರಿ, ಪುಂಡಿ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಹಕ್ಕರಿಕೆ, ಇಷ್ಟು ಸೊಪ್ಪು ಕೈಗೆ ಹತ್ತಿದ ಮೇಲೆ ಚವಳಿಕಾಯಿ, ಅಂದರೆ ಗೋರಿಕಾಯಿ. ಅದು ನಮ್ಮ ಬಿಸಿಲಿಗೆ ಹೆದರುವುದಿಲ್ಲ. ಬದನೆ ತೆಗೆದ ಜಾಗಕ್ಕೆ ಟೊಮೆಟೊ, ಮೆಣಸಿನಕಾಯಿ ಹಾಕಬೇಡಿ, ಮೂರೂ ಒಂದೇ ಕುಲದವು, ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ಈ ಭಾಗದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ, ಏಪ್ರಿಲ್‌ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬಳ್ಳಿ ಉಳಿಸಿಕೊಳ್ಳಬೇಕಾದರೆ ನೆಲದಲ್ಲಿ ಮಣ್ಣಿನ ಗಡಿಗೆ ಹೂಳಿ ನೀರು ತುಂಬಬೇಕು, ಅದರ ಮೈಯಿಂದ ಜಿನುಗುವ ನೀರು ಬೇರಿಗೆ ಸಿಗುತ್ತದೆ. ನನ್ನ ತವರು ಇಂಡಿ ಕಡೆ. ಅವ್ವ ಸಣ್ಣಗೆ ಸೋರುವ ಗಡಿಗೆಯನ್ನು ಎಸೆದದ್ದನ್ನು ನಾನು ನೋಡಿಲ್ಲ, ಅದು ನಿಂಬೆ ಸಸಿಯ ಬುಡಕ್ಕೆ ಹೋಗುತ್ತಿತ್ತು. ಶಾಲೆಗೆ ಹೊರಡುವ ಮುಂಚೆ ಅವನ್ನು ತುಂಬಿಸುವುದು ಮಕ್ಕಳ ಕೆಲಸ. ಮರೆತರೆ ಅವತ್ತು ರೊಟ್ಟಿಗೆ ಬೆಣ್ಣೆ ಇಲ್ಲ.

ಗಡಿಗೆಯನ್ನು ಕುಂಬಾರರ ಹತ್ತಿರವೇ ಹೋಗಿ ಆರಿಸಿ. ಪೇಂಟ್ ಬಳಿದದ್ದು, ನಲ್ಲಿ ಕೂರಿಸಿದ್ದು, ಹೊಳಪು ಕೊಟ್ಟದ್ದು ಬೇಡ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಮನೆಗೆ ತಂದು ರಾತ್ರಿ ನೀರು ತುಂಬಿ ಒಣಗಿದ ಕಟ್ಟೆಯ ಮೇಲಿಡಿ. ಬೆಳಿಗ್ಗೆ ಮೈಯೆಲ್ಲ ಬೆವರಿರಬೇಕು, ಆದರೆ ಕೆಳಗೆ ನೀರು ಹರಿದಿರಬಾರದು. ಮೈ ಒಣಗಿಯೇ ಇದ್ದರೆ ಅದು ತೋಟಕ್ಕೆ ಬರುವುದಿಲ್ಲ, ಬೇರೆಯದು ತನ್ನಿ.

ಗಡಿಗೆಗಿಂತ ಸುತ್ತಲೂ ಒಂದು ಗೇಣು ಹೆಚ್ಚು ಅಗಲದ ಕುಣಿ ತೋಡಿ. ಗಡಿಗೆ ಇಳಿಸಿ, ಗೊಬ್ಬರ ಬೆರೆತ ಪುಡಿ ಮಣ್ಣನ್ನು ಸ್ವಲ್ಪ ಸ್ವಲ್ಪವೇ ತುಂಬುತ್ತ ಬೆರಳಿನಿಂದ ಒತ್ತಿ. ಕಾಲಿನಿಂದ ತುಳಿದರೆ ಗಡಿಗೆ ಒಡೆಯುತ್ತದೆ, ಒತ್ತದೇ ಬಿಟ್ಟರೆ ಗಡಿಗೆಯ ಮೈಗೂ ಮಣ್ಣಿಗೂ ನಡುವೆ ಟೊಳ್ಳು ಉಳಿದು ನೀರು ದಾಟುವುದಿಲ್ಲ. ಮೇಲೆ ಕಾಣುವುದು ಕತ್ತು ಮಾತ್ರ. ಆ ಕತ್ತಿಗೆ ಸುಣ್ಣ ಬಳಿಯಿರಿ, ಬಿಸಿಲಿಗೆ ಕಾಯುವುದಿಲ್ಲ. ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ, ನಗಲಿ. ಬಾಯಿಗೆ ಮಣ್ಣಿನ ಮುಚ್ಚಳ, ಅದರ ಮೇಲೊಂದು ಕಲ್ಲು. ತೆರೆದಿಟ್ಟರೆ ಸೊಳ್ಳೆ ಸಾಕಿದಂತಾಗುತ್ತದೆ.

ಬೀಜ ಹಾಕುವುದು ಗಡಿಗೆಯಿಂದ ನಾಲ್ಕು ಬೆರಳು ದೂರದಲ್ಲಿ. ಮಾರುದೂರ ನೆಟ್ಟು "ಗಡಿಗೆಯಿಂದ ಏನೂ ಆಗಲಿಲ್ಲ" ಎನ್ನುವವರಿದ್ದಾರೆ. ಬೇರು ಇಳಿಯುವ ತನಕ ಮೇಲಿನಿಂದಲೂ ನೀರು ಚಿಮುಕಿಸಿ, ನಾಲ್ಕೆಲೆ ಬಂದ ಮೇಲೆ ನಿಲ್ಲಿಸಿ. ಮಣ್ಣು ಒಣಗಿದಂತೆ ಗಡಿಗೆ ಜಿನುಗುತ್ತದೆ, ಮಣ್ಣು ಹಸಿಯಿದ್ದರೆ ಜಿನುಗುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ನೀವು ಮಾಡಬೇಕಾದದ್ದು ಆಗಾಗ ಮುಚ್ಚಳ ತೆಗೆದು ನೋಡಿ, ಅರ್ಧಕ್ಕೆ ಇಳಿದಿದ್ದರೆ ತುಂಬುವುದು. ಪೂರ್ತಿ ಒಣಗಲು ಬಿಡಬೇಡಿ.

ಬೋರ್‌ವೆಲ್‌ನ ಗಡಸು ನೀರು ಹಾಕುವವರ ಗಡಿಗೆ ನಿಧಾನಕ್ಕೆ ಬೆಳ್ಳಗಾಗಿ ಜಿನುಗುವುದೇ ನಿಂತುಬಿಡುತ್ತದೆ. ಬೆಳೆ ಮುಗಿದ ಮೇಲೆ ಕಿತ್ತು, ಹುಳಿಯಾದ ಹುಣಸೆ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಕರೆಗೂ ಇದೇ ಮದ್ದು. ನನ್ನ ಸೊಸೆ ಅದನ್ನು ತಂತಿಯಿಂದ ಕರಕರ ಕೆರೆಯುತ್ತಾಳೆ. ಹುಣಸೆ ನೀರು ಕುದಿಸಿ ಬಿಟ್ಟರೆ ತಾನೇ ಬಿಡುತ್ತದೆ ಎಂದರೆ, "ಪುಡಿ ತಂದಿದ್ದೇನೆ, ಅತ್ತೆ" ಎನ್ನುತ್ತಾಳೆ. ಪಾತ್ರೆಯ ತುಂಬ ಗೀರು.

ಗಡಿಗೆಯ ಸುತ್ತ ಹಾಕಲು ಹೀರೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಂಕ್ರಾಂತಿ ಕಳೆದು ಚಳಿ ಇಳಿದ ಮೇಲೆ, ರಾತ್ರಿ ನೆನೆಸಿದ ಬೀಜ ಮೂರೋ ನಾಲ್ಕೋ ಊರಿ, ಹತ್ತಿರವೇ ಚಪ್ಪರಕ್ಕೆ ಕೋಲು ನಿಲ್ಲಿಸಿ. ಹೀರೆ ಹೂವು ಅರಳುವುದು ಸಂಜೆ, ಆ ಹೊತ್ತಿನಲ್ಲಿ ಬೇವಿನ ಎಣ್ಣೆ ಸಿಂಪಡಿಸಿ, ಪರಾಗ ಮುಟ್ಟಿಸಲು ಬರುವ ಹುಳವನ್ನು ಓಡಿಸಬೇಡಿ. ಉಗುರು ಸಲೀಸಾಗಿ ಇಳಿಯುವಾಗಲೇ ಕಾಯಿ ಕೊಯ್ಯಿರಿ. ಫೋಟೊ ತೆಗೆಯಲು ದೊಡ್ಡದಾಗಲಿ ಎಂದು ಬಿಟ್ಟರೆ ಮೈ ತಿಕ್ಕುವ ನಾರು ಸಿಗುತ್ತದೆ. ಏಣಿನ ಸಿಪ್ಪೆಯನ್ನು ಎಸೆಯದೆ ಎಣ್ಣೆಯಲ್ಲಿ ಬಾಡಿಸಿ, ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆ ಹಾಕಿ ತರಿತರಿಯಾಗಿ ಕುಟ್ಟಿ. ಅದಕ್ಕೂ ಮೊದಲು ಕಾಯಿಯ ಚೂರೊಂದನ್ನು ಬಾಯಿಗೆ ಹಾಕಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ತಿಪ್ಪೆಗೆ ಹಾಕಿ. ನಾನೇ ಬೆಳೆದದ್ದು ಎಂಬ ಅಭಿಮಾನಕ್ಕೆ ತಿಂದರೆ ಹೊಟ್ಟೆ ಕೆಡುತ್ತದೆ.