ಫೈರ್‌ಫಾಕ್ಸ್‌ನಲ್ಲಿ ಪೋರ್ಟ್‌ಗಳನ್ನು ನಿರ್ಬಂಧಿಸುವ ವಿಧಾನ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಮಾರತ್ತಹಳ್ಳಿಗಳ ಪಿಜಿಗಳಲ್ಲಿ ಕುಳಿತು ಪ್ರೋಗ್ರಾಂ ಬರೆಯುವವರ ಲ್ಯಾಪ್‌ಟಾಪ್‌ಗಳಲ್ಲಿ 6379 ಎಂಬ ಪೋರ್ಟ್‌ನಲ್ಲಿ (ಪ್ರೋಗ್ರಾಂ ಕೋರಿಕೆಗಳಿಗಾಗಿ ಕಾಯುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ರೆಡಿಸ್ ಎಂಬ ಡೇಟಾಬೇಸ್, 9200ರಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸರ್ವರ್ ಪಾಸ್‌ವರ್ಡ್ ಇಲ್ಲದೆಯೇ ಓಡುತ್ತಿರುವುದುಂಟು. ಹೊರಗಿನವರಿಗೆ ಅವು ಸಿಗುವುದಿಲ್ಲ ಎಂಬ ಧೈರ್ಯ ಅರ್ಧ ಮಾತ್ರ ಸರಿ. ನೀವು ತೆರೆದ ಯಾವುದೋ ಪುಟ ನಿಮ್ಮದೇ ಬ್ರೌಸರ್ ಮೂಲಕ 127.0.0.1ಕ್ಕೆ, ಅಂದರೆ ನಿಮ್ಮದೇ ಕಂಪ್ಯೂಟರಿಗೆ, ಕೋರಿಕೆ ಕಳಿಸಿದರೆ, ಉತ್ತರವನ್ನು ಓದಲು ಆ ಪುಟಕ್ಕೆ ಅವಕಾಶವಿಲ್ಲದಿದ್ದರೂ ಕೋರಿಕೆ ಸರ್ವರನ್ನು ತಲುಪಿಬಿಡಬಹುದು. ಇಂಥ ಕೋರಿಕೆ ಬಂದೊಡನೆ ಸಂಪರ್ಕ ಕಡಿಯುವ ಏರ್ಪಾಡನ್ನು ರೆಡಿಸ್ ತನ್ನ 3.2.7 ಆವೃತ್ತಿಯಲ್ಲಿ ಸೇರಿಸಿಕೊಂಡದ್ದು ಈ ಕಾರಣಕ್ಕೇ.

ಬ್ರೌಸರ್‌ಗಳು 22, 25, 110, 6667ರಂಥ ಹಳೆಯ ಪೋರ್ಟ್‌ಗಳನ್ನು ತಾವಾಗಿಯೇ ತಡೆಯುತ್ತವೆ. 2020ರಲ್ಲಿ ಭದ್ರತಾ ಸಂಶೋಧಕ ಸ್ಯಾಮಿ ಕಾಮ್ಕರ್, ರೂಟರ್‌ನ ತಡೆಯನ್ನು ದಾಟಿ ಒಳಗಿನ ಕಂಪ್ಯೂಟರನ್ನು ಮುಟ್ಟುವ ನ್ಯಾಟ್ ಸ್ಲಿಪ್‌ಸ್ಟ್ರೀಮಿಂಗ್ ದಾಳಿಯನ್ನು ಬಯಲಿಗಿಟ್ಟ ಮೇಲೆ 5060, 5061 ಕೂಡ ಆ ಪಟ್ಟಿಗೆ ಸೇರಿದವು. 6379, 9200 ಅದರಲ್ಲಿಲ್ಲ. ಅವನ್ನು ನೀವೇ ಸೇರಿಸಬೇಕು.

ಫೈರ್‌ಫಾಕ್ಸ್‌ನ ವಿಳಾಸಪಟ್ಟಿಯಲ್ಲಿ ಅಬೌಟ್:ಕಾನ್ಫಿಗ್ (about:config) ಎಂದು ಟೈಪ್ ಮಾಡಿ, ಎಚ್ಚರಿಕೆಯನ್ನು ಒಪ್ಪಿಕೊಂಡು, ಹುಡುಕುವ ಜಾಗದಲ್ಲಿ ನೆಟ್‌ವರ್ಕ್.ಸೆಕ್ಯುರಿಟಿ.ಪೋರ್ಟ್ಸ್.ಬ್ಯಾನ್ಡ್ (network.security.ports.banned) ಎಂಬ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಕೊಡಿ. ಈ ಹೆಸರಿನ ಸೆಟ್ಟಿಂಗ್ ಮೊದಲೇ ಇರುವುದಿಲ್ಲವಾದ್ದರಿಂದ ಸ್ಟ್ರಿಂಗ್ ಎಂಬುದನ್ನು ಆರಿಸಿ, ಪ್ಲಸ್ ಚಿಹ್ನೆ ಒತ್ತಿ, 6379,9200 ಎಂದು ಅಲ್ಪವಿರಾಮ ಹಾಕಿ ಬರೆದು ಉಳಿಸಿ. ಸಾಲಾಗಿರುವ ಪೋರ್ಟ್‌ಗಳಿಗೆ 9200-9300 ಎಂಬ ರೂಪವೂ ನಡೆಯುತ್ತದೆ. ಆದರೂ ನಿಮ್ಮಲ್ಲಿ ನಿಜಕ್ಕೂ ಓಡುತ್ತಿರುವವನ್ನಷ್ಟೇ ಬರೆಯುವುದು ಒಳ್ಳೆಯದು. ಕೈಗೆ ಬಂದದ್ದನ್ನೆಲ್ಲ ತುಂಬಿ 8080 ಕೂಡ ಸೇರಿಹೋದರೆ, ಆ ಪೋರ್ಟ್‌ನಲ್ಲಿರುವ ನಿಮ್ಮದೇ ರೂಟರ್ ಪುಟವೋ ಆಫೀಸಿನ ಟೆಸ್ಟ್ ಸರ್ವರೋ ತೆರೆಯದೆ ತಲೆಕೆಡುತ್ತದೆ.

ಪರೀಕ್ಷೆಗೆ 127.0.0.1:9200 ವಿಳಾಸವನ್ನು ತೆರೆಯಿರಿ. ಈ ವಿಳಾಸ ನಿರ್ಬಂಧಿತ ಎಂಬರ್ಥದ ಸಂದೇಶ ಬಂದರೆ ಸೆಟ್ಟಿಂಗ್ ಕೆಲಸ ಮಾಡಿದೆ. ಸಂಪರ್ಕ ಸಾಧ್ಯವಾಗಲಿಲ್ಲ ಎಂದಷ್ಟೇ ಬಂದರೆ ಸರ್ವರ್ ಓಡುತ್ತಿಲ್ಲ, ತಡೆಯೂ ಬಿದ್ದಿಲ್ಲ.

ಇದೇ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಓವರ್‌ರೈಡ್ ಎಂದು ಸೇರಿಸಿದ ಇನ್ನೊಂದು ಸೆಟ್ಟಿಂಗ್ ತದ್ವಿರುದ್ಧ ಕೆಲಸ ಮಾಡಿ, ಬ್ರೌಸರ್ ತಡೆದ ಪೋರ್ಟನ್ನು ತೆರೆಯುತ್ತದೆ. ಅದರಲ್ಲಿ 1-65535 ಎಂದು ಹಾಕಿಬಿಡಿ ಎಂಬ ಸಲಹೆಗೆ ಕಿವಿಗೊಡಬೇಡಿ. ಬೇಕಾದ ಒಂದೇ ಪೋರ್ಟ್ ಬರೆದು, ಕೆಲಸ ಮುಗಿದೊಡನೆ ಅಳಿಸಿ.

ಈ ತಡೆ ಫೈರ್‌ಫಾಕ್ಸ್‌ನ ಆ ಒಂದು ಪ್ರೊಫೈಲ್‌ಗೆ ಮಾತ್ರ ಅನ್ವಯಿಸುತ್ತದೆ. ಬೇರೆ ಬ್ರೌಸರ್‌ಗಳೂ ಪ್ರೋಗ್ರಾಂಗಳೂ ಅದೇ ಪೋರ್ಟನ್ನು ಮುಟ್ಟಬಲ್ಲವಾದ್ದರಿಂದ ರೆಡಿಸ್‌ಗೆ ಪಾಸ್‌ವರ್ಡ್ ಇಡುವ ಕೆಲಸ ಹಾಗೆಯೇ ಉಳಿದಿರುತ್ತದೆ.