ಆಟದ ಒಲವು ಆಯುಷ್ಯವಿಡೀ ಉಳಿಯಬೇಕಾದರೆ: ಅಂಗಳದ ಕ್ರಿಕೆಟ್‌ನಿಂದ ಶುರು ಮಾಡುವ ಬಗೆ

ಹತ್ತು ವರ್ಷದವರೆಗೆ ಊಟ ತಿಂಡಿ ಮರೆತು ಆಡುತ್ತಿದ್ದ ಮಗು ಹದಿನೈದಕ್ಕೆ ಬ್ಯಾಟನ್ನು ಅಟ್ಟಕ್ಕೆ ಹಾಕಿಬಿಡುವುದು ಬಹಳ ಮನೆಗಳಲ್ಲಿ ಆಗುತ್ತದೆ. ಮೊಬೈಲನ್ನು ಬೈದರೆ ಇದು ಸರಿಹೋಗುವುದಿಲ್ಲ. ಆಡುವುದು ಕೋಚಿಂಗ್ ಕ್ಯಾಂಪಿಗೆ, ನೋಡುವುದು ಸೋಫಾಕ್ಕೆ ಎಂದು ಎರಡೂ ಬೇರೆಬೇರೆಯಾದ ಕಡೆ ಒಲವು ಬೇಗ ಒಣಗುತ್ತದೆ. ಆಡಿದ್ದನ್ನು ನೋಡಬೇಕು, ನೋಡಿದ್ದನ್ನು ಸಾಧ್ಯವಾದರೆ ಅದೇ ಸಂಜೆ ಆಡಬೇಕು. ಕೆಳಗಿನ ವಿಧಾನದ ಜೀವಾಳ ಇಷ್ಟೇ. ನಮ್ಮ ಬೀದಿಗಳಲ್ಲಿ ಸುಲಭಕ್ಕೆ ಸಿಗುವ ಆಟವೆಂದು ಉದಾಹರಣೆಗೆ ಕ್ರಿಕೆಟ್ಟನ್ನೇ ಹೆಚ್ಚಾಗಿ ತೆಗೆದುಕೊಂಡಿದೆ.

ಚೆಂಡು, ಬ್ಯಾಟು, ಪಿಚ್ಚು

ಐದು ವರ್ಷದ ಮಗುವಿಗೆ ಸ್ಪಂಜಿನ ಚೆಂಡೋ ಹಗುರ ಪ್ಲಾಸ್ಟಿಕ್ ಚೆಂಡೋ ಸಾಕು. 6ರಿಂದ 9ರವರೆಗೆ ಸಾದಾ ಟೆನಿಸ್ ಬಾಲ್, 10ರ ಸುಮಾರಿಗೆ ಹಾರ್ಡ್ ಟೆನಿಸ್ ಬಾಲ್. ಲೆದರ್ ಬಾಲ್ 11-12ರ ನಂತರ, ಅದೂ ಪ್ಯಾಡು, ಗ್ಲೌಸು, ಗಾರ್ಡು, ಹೆಲ್ಮೆಟ್ಟು ನಾಲ್ಕೂ ಇದ್ದಾಗ ಮಾತ್ರ. ದೊಡ್ಡವರ ಲೆದರ್ ಬಾಲ್ 155.9ರಿಂದ 163 ಗ್ರಾಂ ತೂಗುತ್ತದೆ. 13ರೊಳಗಿನವರದು 133ರಿಂದ 144 ಗ್ರಾಂ. ಅಂಗಡಿಯಲ್ಲಿ ಕೇಳದಿದ್ದರೆ ದೊಡ್ಡವರದನ್ನೇ ಕೊಟ್ಟುಬಿಡುತ್ತಾರೆ. ಏಟು ತಿಂದು ಹೆದರಿದ ಮಗು ಚೆಂಡು ಬರುವ ಮೊದಲೇ ಕಾಲನ್ನು ಲೆಗ್ ಕಡೆಗೆ ಎಳೆದುಕೊಳ್ಳುತ್ತದೆ. ಅದು ಕಂಡ ದಿನವೇ ಮೂರು ನಾಲ್ಕು ವಾರ ಟೆನಿಸ್ ಬಾಲ್‌ಗೆ ಮರಳಿ. "ಧೈರ್ಯ ಮಾಡು" ಎಂದು ಗದರಿದರೆ ಆ ಭಯ ಗಟ್ಟಿಯಾಗುತ್ತದೆ, ಹೋಗುವುದಿಲ್ಲ.

ಬ್ಯಾಟನ್ನು "ಬೆಳೆಯುವ ಮಗು, ಮುಂದಕ್ಕೂ ಆಗುತ್ತೆ" ಎಂದು ಒಂದು ಸೈಜ್ ದೊಡ್ಡದು ತರಬೇಡಿ. ಶೂ ಹಾಕಿಸಿ ನಿಲ್ಲಿಸಿ, ಬ್ಯಾಟನ್ನು ಕಾಲಿನ ಪಕ್ಕ ಇಟ್ಟಾಗ ಹಿಡಿಯ ತುದಿ ತೊಡೆಯ ಸಂದಿನ ಹತ್ತಿರಕ್ಕೆ ಬರಬೇಕು. ಮೇಲಿನ ಕೈ ಒಂದರಲ್ಲೇ ಬ್ಯಾಟನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಲು ಆಗದಿದ್ದರೆ ತೂಕ ಜಾಸ್ತಿ ಎಂದರ್ಥ. ಭಾರದ ಬ್ಯಾಟು ಹಿಡಿದ ಮಗು ಕೆಳಗಿನ ಕೈಯ ಬಲದಿಂದ ಎಲ್ಲ ಚೆಂಡನ್ನೂ ಅಡ್ಡಡ್ಡ ಬೀಸುತ್ತದೆ, ನೇರ ಬ್ಯಾಟಿನ ಹೊಡೆತ ಅದಕ್ಕೆ ಬರುವುದೇ ಇಲ್ಲ. ಟೆನಿಸ್ ಬಾಲ್ ಆಟಕ್ಕೆ ಕಾಶ್ಮೀರ ವಿಲೋ ಮರದ ಬ್ಯಾಟು ಧಾರಾಳವಾಗಿ ಸಾಕು. ಇಂಗ್ಲಿಷ್ ವಿಲೋಗೆ ದುಡ್ಡು ಸುರಿದಷ್ಟೂ ಮನೆಯವರ ನಿರೀಕ್ಷೆ ಏರುತ್ತದೆ, ಅದರ ಭಾರ ಬೀಳುವುದು ಮಗುವಿನ ಮೇಲೆ.

ಪಿಚ್ಚಿನ ಅಳತೆಯ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಪೂರ್ತಿ ಪಿಚ್ 20.12 ಮೀಟರ್. ಎಂಟು ವರ್ಷದವರು ಅಷ್ಟು ದೂರದಿಂದ ಎಸೆದರೆ ಚೆಂಡು ಎರಡು ಸಲ ಪುಟಿಯುತ್ತದೆ, ಇಲ್ಲವೇ ತಲೆಯ ಮೇಲೆ ಹೋಗುತ್ತದೆ. ಹತ್ತು ಚೆಂಡಿನಲ್ಲಿ ಆಡಲು ಸಿಗುವುದು ಎರಡೋ ಮೂರೋ, ಉಳಿದಿದ್ದಕ್ಕೆ ಎಲ್ಲರೂ ನಿಂತು ಕಾಯಬೇಕು. ಒಂಬತ್ತರೊಳಗಿನವರಿಗೆ 14ರಿಂದ 15 ಮೀಟರ್ ಇಡಿ, ಅಂದರೆ ದೊಡ್ಡವರ ಉದ್ದನೆಯ ಹೆಜ್ಜೆಯಲ್ಲಿ ಹದಿನಾರು. ಹನ್ನೊಂದರ ಹೊತ್ತಿಗೆ 17-18 ಮೀಟರ್ ಆಗಲಿ.

ಎಲ್ಲರಿಗೂ ಆಟ ಸಿಗುವ ನಿಯಮ

ಬೀದಿ ಕ್ರಿಕೆಟ್‌ನಲ್ಲಿ ಚಿಕ್ಕವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಆದರೆ ಅದು ತಿಂಗಳೊಪ್ಪತ್ತಿಗಿಂತ ಹೆಚ್ಚು ನಡೆಯಬಾರದು. ತಾನು ಹೊಡೆದ ರನ್ ಲೆಕ್ಕಕ್ಕೇ ಬರುವುದಿಲ್ಲ ಎಂದು ಗೊತ್ತಾದ ಮಗು ಬೌಂಡರಿ ಗೆರೆಯಲ್ಲಿ ಮಣ್ಣು ಕೆರೆಯುತ್ತಾ ಕೂರುತ್ತದೆ.

ಆರರಿಂದ ಎಂಟು ಮಕ್ಕಳಿದ್ದರೆ ಜೋಡಿ ಆಟ ಆಡಿಸಿ. ಒಂದೊಂದು ಜೋಡಿಗೆ 3 ಓವರ್ ಬ್ಯಾಟಿಂಗ್. ಔಟಾದವರು ಹೊರಗೆ ಹೋಗುವುದಿಲ್ಲ, ಜೋಡಿಯ ಮೊತ್ತದಿಂದ 5 ರನ್ ಕಳೆದು ಆಟ ಮುಂದುವರಿಯುತ್ತದೆ. ಒಬ್ಬೊಬ್ಬರೂ ಕನಿಷ್ಠ ಒಂದು ಓವರ್ ಬೌಲಿಂಗ್ ಮಾಡಲೇಬೇಕು. ಓವರಿಗೊಮ್ಮೆ ಫೀಲ್ಡಿಂಗ್ ಜಾಗ ಗಡಿಯಾರದ ದಿಕ್ಕಿಗೆ ಒಂದು ಸ್ಥಾನ ಬದಲಾಗಲಿ. ಜಾಗ ಕಡಿಮೆಯಿದ್ದರೆ ಒಂದು ಸಲ ಪುಟಿದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್ ಕೊಡಿ, ಕಾಂಪೌಂಡ್ ದಾಟಿ ಹೊಡೆದರೂ ಔಟ್. ಈ ಕೊನೆಯ ನಿಯಮದಿಂದ ಚೆಂಡು ನೆಲದ ಮೇಲೆ ಉಳಿಯುತ್ತದೆ, ಪಕ್ಕದ ಮನೆಯ ಕಿಟಕಿಯೂ ಉಳಿಯುತ್ತದೆ.

ಒಟ್ಟು 45 ನಿಮಿಷ ಸಾಕು. "ಇನ್ನೊಂದು ಓವರ್, ಇನ್ನೊಂದೇ ಓವರ್" ಎನ್ನುವಾಗಲೇ ನಿಲ್ಲಿಸಿ. ಸುಸ್ತಾಗಿ, ಜಗಳವಾಡಿ ಮುಗಿದ ಆಟಕ್ಕೆ ಮಾರನೆಯ ದಿನ ಯಾರೂ ಓಡಿಬರುವುದಿಲ್ಲ.

ನೋಡುವುದನ್ನೂ ಕಲಿಸಬೇಕು

ಮಗುವನ್ನು ಟಿವಿ ಮುಂದೆ ಕೂರಿಸಿ ಇಡೀ ಪಂದ್ಯ ತೋರಿಸಿದರೆ ಅರ್ಧ ಗಂಟೆಯಲ್ಲಿ ಅದಕ್ಕೆ ಬೇಜಾರು. ಬರೀ ಹೈಲೈಟ್ಸ್ ತೋರಿಸಿದರೆ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಕಾಣುವುದು ಸಿಕ್ಸರ್ ಮತ್ತು ವಿಕೆಟ್ ಮಾತ್ರ. ಅವುಗಳ ನಡುವಿನ ಚೆಂಡುಗಳಲ್ಲಿ ಬೌಲರ್ ಬ್ಯಾಟರನ್ನು ಹೇಗೆ ಒಲಿಸಿ ತಪ್ಪು ಹೆಜ್ಜೆ ಇಡಿಸಿದ ಎಂಬುದೇ ಮಾಯವಾಗಿರುತ್ತದೆ. ಹಾಗೆ ನೋಡಿ ಬೆಳೆದವರು ಸಂಜೆ ಮೊದಲ ಚೆಂಡಿಗೇ ಸಿಕ್ಸರಿಗೆ ಬೀಸಿ ಔಟಾಗುತ್ತಾರೆ.

6-8 ವರ್ಷದವರಿಗೆ ನಾಲ್ಕು ಓವರ್ ಮಾತ್ರ, ನಡುವೆ ಎದ್ದು ಹೋಗದಂತೆ, ಒಂದು ಕೆಲಸ ಕೊಟ್ಟು ತೋರಿಸಿ. ಎರಡು ಓವರ್ ವಿಕೆಟ್ ಕೀಪರನ್ನು ಮಾತ್ರ ನೋಡು: ಯಾವಾಗ ಕೂರುತ್ತಾನೆ, ಯಾವಾಗ ಏಳುತ್ತಾನೆ? ಇನ್ನೆರಡು ಓವರ್ ನಾನ್ ಸ್ಟ್ರೈಕರನ್ನು, ಅಂದರೆ ಬೌಲರ್ ತುದಿಯಲ್ಲಿ ನಿಂತ ಬ್ಯಾಟರನ್ನು ನೋಡು. ಟಿವಿ ಆರಿಸಿದ ಮೇಲೆ ಅಂಗಳಕ್ಕೆ ಇಳಿದು ಅದನ್ನೇ ಹತ್ತು ನಿಮಿಷ ಆಡಿಸಿ. ಚೆಂಡು ಪುಟಿದ ಜೊತೆಗೇ ಏಳಬೇಕು, ಮೊದಲೇ ಎದ್ದರೆ ಕಾಲ ಸಂದಿನಲ್ಲಿ ಹೋಗುತ್ತದೆ ಎಂಬುದು ಕೈಗೆ ತಿಳಿದ ಮೇಲೆ, ಮುಂದಿನ ಪಂದ್ಯದಲ್ಲಿ ಕೀಪರ್ ಮಾಡುವ ಪ್ರತಿಯೊಂದೂ ಮಗುವಿಗೆ ಕಾಣತೊಡಗುತ್ತದೆ.

ಹತ್ತು ವರ್ಷಕ್ಕೆ ಸ್ಕೋರು ಬರೆಯಲು ಕೂರಿಸಿ. ಪಂದ್ಯಕ್ಕೆ ಗಮನ ಕಟ್ಟಿಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. 200 ಪುಟದ ಗೆರೆ ನೋಟ್‌ಬುಕ್ ಮತ್ತು ಪೆನ್ಸಿಲ್ ಸಾಕು. ರನ್ ಇಲ್ಲದ ಚೆಂಡಿಗೆ ಚುಕ್ಕೆ, ವೈಡಿಗೆ ಕೂಡಿಸುವ ಚಿಹ್ನೆ, ನೋ ಬಾಲ್‌ಗೆ ಸೊನ್ನೆ, ಬೈಗೆ (ಬ್ಯಾಟಿಗೂ ಮೈಗೂ ತಾಗದ ಚೆಂಡಿಗೆ ಓಡಿದ ರನ್) ತ್ರಿಕೋನ, ಲೆಗ್ ಬೈಗೆ (ಮೈಗೆ ತಾಗಿದ ಚೆಂಡಿಗೆ ಓಡಿದ ರನ್) ತಲೆಕೆಳಗಾದ ತ್ರಿಕೋನ. ಪ್ರತಿ ಚೆಂಡನ್ನೂ ಎರಡು ಕಡೆ, ಬ್ಯಾಟರ್ ಸಾಲಿನಲ್ಲಿ ಮತ್ತು ಬೌಲರ್ ಮನೆಯಲ್ಲಿ, ಬರೆಯಬೇಕು. ಇನಿಂಗ್ಸ್ ಮುಗಿದ ಮೇಲೆ ತಾಳೆ ನೋಡುವ ಬಗೆ ಹೀಗೆ: ಬ್ಯಾಟರ್‌ಗಳ ರನ್ ಮತ್ತು ಎಲ್ಲ ಎಕ್ಸ್‌ಟ್ರಾ ಸೇರಿದ ಮೊತ್ತವೂ, ಬೌಲರ್‌ಗಳು ಕೊಟ್ಟ ರನ್ ಮತ್ತು ಬೈ, ಲೆಗ್ ಬೈ ಸೇರಿದ ಮೊತ್ತವೂ ಒಂದೇ ಆಗಬೇಕು. ವೈಡು, ನೋ ಬಾಲು ಬೌಲರ್ ಲೆಕ್ಕಕ್ಕೆ ಹೋಗುತ್ತವೆ, ಬೈಗಳು ಹೋಗುವುದಿಲ್ಲ. ಲೆಕ್ಕ ತಪ್ಪಿದರೆ ಹೆಚ್ಚಾಗಿ ತಪ್ಪಿರುವುದು ಇಲ್ಲೇ. ಇಲ್ಲವೇ ಒಂದು ರನ್ ಓಡಿದಾಗ ಸ್ಟ್ರೈಕ್ ಬದಲಾದದ್ದನ್ನು ಮರೆತಿರುತ್ತಾರೆ.

ಬರೆಯಲು ಬಂದವರಿಗೆ ಹಳೆಯ ಸ್ಕೋರ್‌ಕಾರ್ಡ್ ಓದುವ ರುಚಿ ಹತ್ತಿಸುವುದು ಸುಲಭ. 1999ರ ಫೆಬ್ರವರಿಯ ದೆಹಲಿ ಟೆಸ್ಟ್ ಕಾರ್ಡನ್ನು ಕೈಗೆ ಕೊಡಿ. 420ರ ಗುರಿ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101 ಮಾಡಿ, 207ಕ್ಕೆ ಮುಗಿಯಿತು. ಅನಿಲ್ ಕುಂಬ್ಳೆಯ ಲೆಕ್ಕ 26.3-9-74-10. ಓವರ್, ಮೇಡನ್ (ರನ್ ಕೊಡದ ಓವರ್), ರನ್, ವಿಕೆಟ್ ಎಂಬ ಕ್ರಮದಲ್ಲಿ ಓದಿಸಿ, ನಂತರ ಪ್ರಶ್ನೆ ಹಾಕಿ: 101ರವರೆಗೆ ಬೀಳದ ವಿಕೆಟ್ ಆಮೇಲೆ ಸಾಲಾಗಿ ಬಿದ್ದದ್ದು ಯಾಕಿರಬಹುದು? ಊಟದ ನಂತರ ಕುಂಬ್ಳೆ ಬೌಲಿಂಗ್ ತುದಿ ಬದಲಿಸಿದ್ದರು. ಒಂಬತ್ತು ವಿಕೆಟ್ ಬಿದ್ದ ಮೇಲೆ ಜಾವಗಲ್ ಶ್ರೀನಾಥ್, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಎಂದು, ತಮಗೆ ವಿಕೆಟ್ ಸಿಗದಂತೆ ಆಫ್ ಸ್ಟಂಪಿನಿಂದ ದೂರ ದೂರ ಹಾಕಿದರು. ಇಂಥದ್ದು ಗೊತ್ತಾದಾಗ ಒಣ ಅಂಕಿಗಳ ಹಿಂದೆ ಮನುಷ್ಯರು ಕಾಣುತ್ತಾರೆ, ಗೆಳೆತನವೂ ಕಾಣುತ್ತದೆ.

ಮೈದಾನಕ್ಕೆ ಕರೆದೊಯ್ಯುವುದಾದರೆ ಮೊದಲು ಐಪಿಎಲ್ ಬೇಡ, ರಾಜ್ಯ ತಂಡಗಳು ಆಡುವ ರಣಜಿ ಪಂದ್ಯಕ್ಕೆ ಹೋಗಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ರಣಜಿ ಪಂದ್ಯಗಳು ನಡೆದಿವೆ. ಅಲ್ಲಿ ಗದ್ದಲವಿಲ್ಲ, ಆಟಗಾರರು ಒಬ್ಬರಿಗೊಬ್ಬರು ಕೂಗುವುದು, ಚೆಂಡು ಬ್ಯಾಟಿಗೆ ತಾಗಿದ ಸದ್ದು ಎಲ್ಲ ಕಿವಿಗೆ ಬೀಳುತ್ತದೆ. ಆಟ ಸಾಮಾನ್ಯವಾಗಿ 9.30ಕ್ಕೆ ಶುರು, 11.30ಕ್ಕೆ ಊಟ. ಮೊದಲ ಸಲ ಈ ಎರಡು ಗಂಟೆ ಸಾಕು, ಹೊಸ ಚೆಂಡಿನ ಆಟ ಪೂರ್ತಿ ಸಿಗುತ್ತದೆ. ಮೊದಲ ಗಂಟೆ ಬೌಲರ್ ತೋಳಿನ ನೇರಕ್ಕೆ ಕೂತರೆ ಸ್ವಿಂಗ್ ಕಾಣುತ್ತದೆ, ಎರಡನೆಯ ಗಂಟೆ ಪಿಚ್ಚಿನ ಪಕ್ಕದ ಸ್ಟ್ಯಾಂಡಿಗೆ ಹೋದರೆ ಚೆಂಡು ಬ್ಯಾಟರಿನಿಂದ ಎಷ್ಟು ದೂರದಲ್ಲಿ ಪುಟಿಯಿತು ಎಂಬುದು ತಿಳಿಯುತ್ತದೆ.

ಕಬಡ್ಡಿಗೂ ಇದೇ ಕ್ರಮ. ಎಲ್ಲರ ಕಣ್ಣು ರೈಡರ್ ಮೇಲೆಯೇ ಇರುತ್ತದೆ. ಮಗುವಿಗೆ ಮೂಲೆಯ ಡಿಫೆಂಡರ್ ಕಾಲನ್ನು ನೋಡಲು ಹೇಳಿ. 30 ಸೆಕೆಂಡಿನ ರೈಡಿನಲ್ಲಿ ಅವನು ಮುಂದೆ ಬರುವ ಕ್ಷಣ ಒಂದೇ. ಅಂಕಣದಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಡಿಫೆಂಡರ್‌ಗಳಿದ್ದಾಗ ಮಾತ್ರ ಬೋನಸ್ ಸಿಗುತ್ತದೆ ಎಂದು ತಿಳಿದವರು ಒಂದೊಂದು ರೈಡಿಗೂ ತಲೆ ಎಣಿಸಲು ಶುರುಮಾಡುತ್ತಾರೆ.

ಹದಿಮೂರರಿಂದ ಹದಿನೆಂಟು

ಆಟ ಬಿಟ್ಟುಹೋಗುವ ವಯಸ್ಸು ಇದು. ತಂಡದ ಆಯ್ಕೆಯಲ್ಲಿ ಹೆಸರು ಬರದಿರುವುದು, ಎತ್ತರ ಬೆಳೆಯುವಾಗಿನ ಹಿಮ್ಮಡಿ ನೋವು ಮತ್ತು ಮಂಡಿಚಿಪ್ಪಿನ ಕೆಳಗಿನ ನೋವು, ಎಸ್‌ಎಸ್‌ಎಲ್‌ಸಿ. ಮೂರೂ ಒಟ್ಟಿಗೇ ಬರುತ್ತವೆ.

ನೋವಿಗೆ ಕಾರಣ ಹೆಚ್ಚಾಗಿ ಅತಿಯಾದ ತರಬೇತಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ದಾಟಬಾರದು, ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವಿರಬೇಕು. ವೇಗದ ಬೌಲರ್‌ಗೆ 13ರೊಳಗೆ ಒಂದು ಸ್ಪೆಲ್ಲಿಗೆ (ಬಿಡುವಿಲ್ಲದೆ ಒಂದು ಸರದಿಯಲ್ಲಿ) 5 ಓವರ್, ದಿನಕ್ಕೆ 10 ಓವರ್ ಗರಿಷ್ಠ. ನೆಟ್ಸ್‌ನಲ್ಲಿ ಹಾಕಿದ್ದೂ ಈ ಲೆಕ್ಕಕ್ಕೆ ಸೇರಬೇಕು, ಅದನ್ನು ಬಿಟ್ಟರೆ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬೀಳುವ ಅಪಾಯವಿದೆ. ಎರಡು ವಾರ ಮೀರಿದ ಸೊಂಟ ನೋವಿಗೆ ಮುಲಾಮು ಹಚ್ಚಿ ಆಡಿಸಬೇಡಿ, ವೈದ್ಯರಿಗೆ ತೋರಿಸಿ.

ಹತ್ತನೆಯ ತರಗತಿಯಲ್ಲಿ ಆಟ ಪೂರ್ತಿ ನಿಲ್ಲಿಸಿದರೆ ಪಿಯುಸಿಯಲ್ಲಿ ಮರಳಿ ಶುರುವಾಗುವುದು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ಜೊತೆಗಾರರ ಗುಂಪು ಒಡೆದಿರುತ್ತದೆ. ವಾರಕ್ಕೆ ಮೂರು ಸಂಜೆ, ಅರ್ಧರ್ಧ ಗಂಟೆ, ಅದೇ ಗೆಳೆಯರೊಂದಿಗೆ ಉಳಿಸಿಕೊಳ್ಳಿ.

ಹೆಣ್ಣುಮಕ್ಕಳನ್ನು ಈ ವಯಸ್ಸಿನಲ್ಲಿ ಮನೆಯವರೇ ನಿಲ್ಲಿಸಿಬಿಡುತ್ತಾರೆ, ಇದು ತೀರಾ ಅನ್ಯಾಯ. ಬ್ಯಾಚಿಗೆ ಸೇರಿಸುವ ಮೊದಲು ಶೌಚಾಲಯ ಇದೆಯೇ, ಬೇರೆ ಹುಡುಗಿಯರು ಇದ್ದಾರೆಯೇ ಎಂದು ಹೋಗಿ ನೋಡಿ. ಇಲ್ಲದಿದ್ದರೆ ಇಬ್ಬರು ಮೂವರು ಗೆಳತಿಯರನ್ನು ಜೊತೆಗೂಡಿಸಿ ಸೇರಿಸಿ. ಒಂದು ಒಳ್ಳೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಮನೆಯಲ್ಲಿ ಮಹಿಳೆಯರ ಪಂದ್ಯಗಳನ್ನೂ ಹಾಕಿ: 2024ರ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ತಂಡದ ಶ್ರೇಯಾಂಕ ಪಾಟೀಲ್ ನಾಲ್ಕು ವಿಕೆಟ್ ತೆಗೆದ ಆಟ ಆಫ್ ಸ್ಪಿನ್ ಕಲಿಯುವವರಿಗೆ ಒಳ್ಳೆಯ ಪಾಠ.

ಇನ್ನೊಂದು ಮಾತು ಅಪ್ಪ ಅಮ್ಮಂದಿರಿಗೆ. ಮ್ಯಾಚ್ ಮುಗಿಸಿ ಬೈಕ್ ಹತ್ತಿದ ಕೂಡಲೇ "ಎಷ್ಟು ಹೊಡೆದೆ? ಆ ಕ್ಯಾಚ್ ಯಾಕೆ ಬಿಟ್ಟೆ?" ಎಂದು ಕೇಳಬೇಡಿ. ಮನೆ ಮುಟ್ಟುವವರೆಗೆ ಆಟದ ಮಾತು ಮಗುವೇ ತೆಗೆದರೆ ಮಾತ್ರ ಮಾತಾಡಿ.

ಮೂವತ್ತು ದಾಟಿದವರಿಗೆ

ಹನ್ನೊಂದು ಜನ ಸೇರುವುದು ಈಗ ಕನಸು. ಇಬ್ಬರು ನಾಲ್ವರಿದ್ದರೆ ನಡೆಯುವ ಶಟಲ್ ಬ್ಯಾಡ್ಮಿಂಟನ್ ಹಿಡಿಯಿರಿ, ಡಬಲ್ಸ್ ಆಡಿ. 80-90 ಗ್ರಾಂ ರ‍್ಯಾಕೆಟ್, ಅದರ ತಂತಿಗೆ 20ರಿಂದ 22 ಪೌಂಡ್ ಬಿಗಿತ ಸಾಕು. ಅದಕ್ಕಿಂತ ಬಿಗಿ ಮಾಡಿಸಿದರೆ ಮೊಣಕೈ ನೋಯುತ್ತದೆ. ನೈಲಾನ್ ಶಟಲ್‌ನಲ್ಲಿ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಓಡುವ ಶೂ ಹಾಕಿ ಕೋರ್ಟಿಗೆ ಇಳಿಯಬೇಡಿ. ಅದರ ಎತ್ತರದ ಹಿಮ್ಮಡಿ ಪಕ್ಕಕ್ಕೆ ಜಿಗಿದಾಗ ಹೊರಳಿ ಕಣಕಾಲು ಉಳುಕುತ್ತದೆ. ಗಮ್ ಸೋಲಿನ ನಾನ್ ಮಾರ್ಕಿಂಗ್ ಶೂ ಬೇಕು. ನಲವತ್ತಾದವರು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಮೊದಲ ಸ್ಮ್ಯಾಶ್ ಹೊಡೆಯಲೇಬಾರದು, ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದು ಇಂಥ ಹೊತ್ತಿನಲ್ಲೇ.

ಎಲ್ಲ ವಯಸ್ಸಿನವರೂ ಒಂದೇ ಅಂಗಳದಲ್ಲಿ ಹೇಗೆ ಉಳಿಯಬಹುದು ಎಂದು ನೋಡಬೇಕಾದರೆ ಕೊಡಗಿಗೆ ಹೋಗಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೊಂದು ಮನೆತನಕ್ಕೆ ಒಂದು ತಂಡ. ಹೆಂಗಸರೂ ಹಿರಿಯರೂ ಸ್ಟಿಕ್ ಹಿಡಿಯುತ್ತಾರೆ, ಆಡದವರು ಗೆರೆಯಾಚೆ ತಮ್ಮ ಮನೆಯ ತಂಡಕ್ಕೆ ಕೂಗುತ್ತಾರೆ. ನಿಮ್ಮ ಮನೆತನದಲ್ಲೂ ವರ್ಷಕ್ಕೊಂದು ದಿನ, ಊರಹಬ್ಬಕ್ಕೋ ದೀಪಾವಳಿಗೋ ಎಲ್ಲರೂ ಸೇರಿದಾಗ, ಮಧ್ಯಾಹ್ನದ ಊಟಕ್ಕೆ ಮುಂಚೆ 8 ಓವರ್‌ಗಳ ಪಂದ್ಯ ಇಡಿ. ಹತ್ತರೊಳಗಿನವರು ಮತ್ತು ಅರವತ್ತು ದಾಟಿದವರು ಒಂದೊಂದು ಓವರ್ ಹಾಕುವುದು ಕಡ್ಡಾಯವಾಗಲಿ. ಸ್ಕೋರ್ ಪುಸ್ತಕವನ್ನು ಮನೆಯಲ್ಲಿ ಒಬ್ಬರು ಕಾಪಾಡಿ ಇಟ್ಟುಕೊಳ್ಳಲಿ, ಮುಂದಿನ ವರ್ಷದ ಪಂದ್ಯವನ್ನು ಅದರ ಮುಂದಿನ ಪುಟದಲ್ಲೇ ಬರೆಯಿರಿ.