ಟೈಟಾನ್ ನೀರು, ದಪ್ಪ ಅವಲಕ್ಕಿ: ಸೈಬೀರಿಯಾ ರೈಲಿನ ಮೊದಲ ದಿನ

‘ನಾಲ್ಕು ದಿನ ಬರೀ ಬಿಸಿನೀರಲ್ಲಿ ಊಟವಾ? ಎರಡನೇ ದಿನಕ್ಕೇ ಮೊಟ್ಟೆ ಮುಟ್ತೆ ನೋಡು’ ಅಂದಿದ್ದರು ಶಿರಸಿಯಲ್ಲಿ. ಮುಟ್ಟಲಿಲ್ಲ. ಮಾಸ್ಕೋದಿಂದ ಇರ್ಕುತ್ಸ್ಕ್‌ಗೆ 5,185 ಕಿ.ಮೀ., ಊಟದ ಬೋಗಿಗೆ ಒಂದು ರೂಬಲ್ಲೂ ಕೊಟ್ಟಿಲ್ಲ. ಎಲ್ಲ ಇರುವುದು ಮೊದಲ ದಿನದ ಕಟ್ಟುನಿಟ್ಟಿನಲ್ಲಿ.

ಮೊದಲು ಬರ್ತ್. ಪ್ಲಾಟ್ಸ್‌ಕಾರ್ಟ್ ಅಂದರೆ ನಮ್ಮ ಸ್ಲೀಪರಿನಂಥ ಬಾಗಿಲಿಲ್ಲದ ಬೋಗಿ, 54 ಬರ್ತ್; ಬೆಸ ಸಂಖ್ಯೆ ಕೆಳಗೆ, ಸಮ ಸಂಖ್ಯೆ ಮೇಲೆ, 37ರಿಂದ ಸೈಡ್. ಟೈಟಾನ್, ಅಂದರೆ ಬಿಸಿನೀರಿನ ಬಾಯ್ಲರ್, ಇರುವುದು ಒಂದನೇ ನಂಬರಿನ ತುದಿಯಲ್ಲಿ. ಹಾಗಾಗಿ 5 ಅಥವಾ 7. ಕೆಳಗಿನ ಬರ್ತ್ ಎತ್ತಿದರೆ ಪೆಟ್ಟಿಗೆ, ಅವಲಕ್ಕಿ ಅಲ್ಲಿ ಸುರಕ್ಷಿತ. 9ರಿಂದ 12ರ ಕಿಟಕಿ ತುರ್ತು ನಿರ್ಗಮನದ್ದು, ಗಾಳಿಗೆ ಅಂತ ತೆಗೆಯಲಾಗದು. 37, 38 ಶೌಚಾಲಯದ ಪಕ್ಕ, ಪುಕ್ಕಟೆ ಕೊಟ್ಟರೂ ಬೇಡ. ಸೀಸನ್ನಿನಲ್ಲೂ ಕೆಳಗಿನ ಬರ್ತ್ ಹಿಡಿಯಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ಸಿಗಲಿಕ್ಕಿಲ್ಲ.

ದುಡ್ಡು. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಮಡಿಕೆ ಇಲ್ಲದ, ಗೀಚಿಲ್ಲದ ಡಾಲರ್ ನೋಟು ಒಯ್ಯಬೇಕು. ವಿಮಾನದಿಂದ ಇಳಿದಲ್ಲೇ ನೂರು ಡಾಲರ್ ಬದಲಿಸಿ, ಊರೊಳಗಿನ ದರಕ್ಕೆ ಹೋಲಿಸಿದರೆ ಸಾವಿರ ರೂಬಲ್ಲಿನಷ್ಟು ಕಳೆದೆ. ರೂಬಲ್ಲೂ ರೂಪಾಯಿಯೂ ಆಗ ಹೆಚ್ಚುಕಡಿಮೆ ಸರಿಸಮ, ಲೆಕ್ಕ ನೀವೇ ಹಾಕಿ. ಅಲ್ಲಿ ಇಪ್ಪತ್ತು ಡಾಲರ್ ಮಾತ್ರ ಬದಲಿಸಿ, ಉಳಿದದ್ದು ಮರುದಿನ ಬ್ಯಾಂಕಿನಲ್ಲಿ.

ಯಾರೊಸ್ಲಾವ್ಸ್ಕಿ ಸ್ಟೇಷನ್ನಿಗೆ ಕೊಮ್ಸೊಮೊಲ್ಸ್ಕಯಾ ಮೆಟ್ರೋದಲ್ಲಿ ಇಳಿಯಬೇಕು. ಒಂದೇ ಚೌಕದಲ್ಲಿ ಮೂರು ಸ್ಟೇಷನ್, ಬೋರ್ಡು ಓದದೆ ಒಳಗೆ ಹೋಗಬೇಡಿ. ಬೋಗಿಯ ಎಣಿಕೆ ಗಾಡಿಯ ತಲೆಯಿಂದಲೋ ಬಾಲದಿಂದಲೋ ಅಂತ ಮೈಕಿನಲ್ಲಿ ಹೇಳುತ್ತಾರೆ: ‘ಗಲವಿ’ ಕೇಳಿದರೆ ತಲೆ, ‘ಹ್ವಸ್ತಾ’ ಕೇಳಿದರೆ ಬಾಲ. ತಪ್ಪಿದರೆ ಸಾಮಾನು ಹೊತ್ತು ಇಡೀ ಗಾಡಿಯುದ್ದ ಓಡುವುದು. ಬಾಗಿಲಲ್ಲೇ ಪ್ರವದ್ನೀತ್ಸಾ, ಬೋಗಿ ನೋಡಿಕೊಳ್ಳುವವಳು, ಪಾಸ್‌ಪೋರ್ಟ್ ನೋಡುತ್ತಾಳೆ.

ಇನ್ನು ಅಡುಗೆ. ಟೈಟಾನ್ ನೀರು ನಮ್ಮ ಒಲೆಯ ಕುದಿನೀರಲ್ಲ. ನನ್ನ ಥರ್ಮಾಮೀಟರಿನಲ್ಲಿ 85 ಡಿಗ್ರಿ ಆಸುಪಾಸು, ಗಾಡಿ ಹೊರಟ ಕೂಡಲೇ ಎಲ್ಲರೂ ಚಹಾಕ್ಕೆ ಮುಗಿಬಿದ್ದಾಗ ಇನ್ನೂ ಕಡಿಮೆ. ದಪ್ಪ ಅವಲಕ್ಕಿ 100 ಗ್ರಾಂಗೆ 150 ಮಿ.ಲೀ. ನೀರು, ಮುಚ್ಚಿ ಎಂಟು ನಿಮಿಷ. ತೆಳು ಅವಲಕ್ಕಿ ಅಂಟಾಗುತ್ತದೆ. ಕುಚ್ಚಲಕ್ಕಿ ಗಂಜಿ ಪೂರ್ತಿ ಸೋಲು: ಫ್ಲಾಸ್ಕಿನಲ್ಲಿ ಮೂರು ತಾಸಿಟ್ಟರೂ ಕಾಳಿನ ನಡು ಸುಣ್ಣದಂತೆ ಬಿಳಿ, ಹಲ್ಲಿಗೆ ಕರಕರ. ಬೆಳ್ತಿಗೆ ಅಕ್ಕಿ ನುಚ್ಚನ್ನು ಮನೆಯಲ್ಲೇ ಕೆಂಪಗೆ ಹುರಿದು ಒಯ್ದರೆ ಆಗುತ್ತದೆ. ಫ್ಲಾಸ್ಕಿಗೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ 50 ಗ್ರಾಂ ನುಚ್ಚು, 350 ಮಿ.ಲೀ. ಹೊಸ ನೀರು, ಮುಕ್ಕಾಲು ತಾಸು. ಫ್ಲಾಸ್ಕ್ ಕಾಯಿಸದಿದ್ದರೆ ಉಕ್ಕೇ ಬಿಸಿ ತಿಂದುಹಾಕುತ್ತದೆ.

ಮೊದಲ ದಿನ ಒಣ ಸರಕು ಆದಷ್ಟು ಮುಟ್ಟಬಾರದು. ಮಾಸ್ಕೋದಲ್ಲೇ ಒಂದು ಲೀಟರ್ ಕೆಫೀರ್ ಕೊಳ್ಳಿ. ನಮ್ಮ ಮಂದ ಮಜ್ಜಿಗೆಯೇ ಅದು. ಎರಡು ಮುಷ್ಟಿ ಅವಲಕ್ಕಿ, ಮೇಲೆ ಮೆಂತೆಹಿಟ್ಟು, ಒಂದು ಅಪ್ಪೆಮಿಡಿ. ಮಧ್ಯಾಹ್ನದೊಳಗೆ ಮುಗಿಸಬೇಕು, ಬೋಗಿಯೊಳಗೆ ಕಾವು ಜಾಸ್ತಿ. ರ್‍ಯಾಝೆಂಕಾ ಅಂತ ಅದೇ ಥರದ ಪ್ಯಾಕೆಟ್ ಇರುತ್ತದೆ, ಮೋಸಹೋಗಬೇಡಿ. ಕಾಯಿಸಿ ಕಂದಾದ ಹಾಲಿನದು, ಸಿಹಿ ವಾಸನೆ; ಮಿಡಿ ಉಪ್ಪಿನಕಾಯಿ ಜೊತೆ ಗಂಟಲಿಳಿಯಲಿಲ್ಲ. ಮಿಡಿಯನ್ನು ರಸ ಸೋಸಿ, ಒರೆಸಿ ಒಯ್ಯಿರಿ. ವಿಮಾನದಲ್ಲಿ ರಸ ಸೋರಿ ಒಂದು ಸ್ವೆಟರ್ ಹಾಳಾಯಿತು. ಇಂಗು ಬೇಡವೇ ಬೇಡ, ತೆರೆದ ಬೋಗಿಯಲ್ಲಿ 54 ಮೂಗು.

ನಡುವೆ ಒಂದು ಪ್ರಯೋಗ. ಹಲಸಿನ ಹಪ್ಪಳವನ್ನು ಕರಿದೇ ಒಯ್ದಿದ್ದೆ, ಮೆತ್ತಗಾಗಬಹುದು ಅಂತ ಡಬ್ಬಿಗೆ ಟೇಪು ಸುತ್ತಿ. ಅಕ್ಟೋಬರಿನಲ್ಲಿ ಹೀಟರ್ ಹಾಕಿದ ಬೋಗಿಯ ಗಾಳಿ ಎಷ್ಟು ಒಣ ಅಂದರೆ ಡಬ್ಬಿ ತೆರೆದೇ ಇಟ್ಟರೂ ಗರಿಗರಿ. ಶಿರಸಿಯ ಮಳೆಗಾಲದಲ್ಲಿ ಇದು ಕನಸು. ತೊಡದೇವು ಮಾತ್ರ ಪುಡಿ ಪುಡಿ. ಬಟ್ಟಲಿಗೆ ಸುರಿದು ಚಮಚದಲ್ಲಿ ತಿಂದದ್ದು.

ಯಾರೊಸ್ಲಾವ್ಲ್ ಮೇಲೆ ಹೋಗುವ ಗಾಡಿಯಾದರೆ ಮೊದಲ ದೊಡ್ಡ ನಿಲುಗಡೆ ದನೀಲೊವ್. ಅಲ್ಲಿ ತಂತಿಯ ವಿದ್ಯುತ್ 3 ಕಿಲೋವೋಲ್ಟ್ ಡಿಸಿಯಿಂದ 25 ಕಿಲೋವೋಲ್ಟ್ ಎಸಿಗೆ ಬದಲಾಗುತ್ತದೆ, ಎಂಜಿನ್ನೂ ಬದಲಾಗಬೇಕು. ಹಾಗಾಗಿ ನಿಲ್ಲುವುದು ಸುಮಾರು ಅರ್ಧ ತಾಸು. ಇಳಿದು ಪಿರೊಷ್ಕಿ ಕೊಳ್ಳಬಹುದು: ‘ಸ್ ಕಪೂಸ್ತಯ್’ ಕೋಸಿನದು, ‘ಸ್ ಕರ್ತೋಷ್ಕಯ್’ ಆಲೂಗಡ್ಡೆಯದು. ಬೇರೆ ಯಾವುದನ್ನೂ ಸನ್ನೆಯಲ್ಲಿ ಕೊಳ್ಳಬೇಡಿ, ಒಳಗೆ ಮಾಂಸ ಇರಬಹುದು. ಬೋಗಿಯ ಬಾಗಿಲಿನ ಹತ್ತಿರ ತೂಗುಹಾಕಿದ ವೇಳಾಪಟ್ಟಿಯಲ್ಲಿ ಯಾವ ನಿಲುಗಡೆ ಎಷ್ಟು ನಿಮಿಷ ಅಂತ ಇದೆ. ಹತ್ತಿದ ಕೂಡಲೇ ಫೋಟೋ ತೆಗೆದುಕೊಳ್ಳಿ.

ಬಲೇಜಿನೊದಲ್ಲಿ ವಿದ್ಯುತ್ ಮತ್ತೆ ಡಿಸಿ, ಮತ್ತೆ ಎಂಜಿನ್ ಬದಲು, ಗಡಿಯಾರವೂ ಒಂದು ತಾಸು ಮುಂದೆ. ಊಟ ಅದಕ್ಕಿಂತ ಮೊದಲೇ ಮುಗಿಸಿದೆ, ನುಚ್ಚಿನ ಗಂಜಿ. ಒಟ್ಟು ಮೂರು ಕಿಲೋ ಚಿಲ್ಲರೆ ಒಯ್ದಿದ್ದ ಸರಕಿನಲ್ಲಿ ಅವತ್ತು ಖರ್ಚಾದದ್ದು ಇನ್ನೂರೈವತ್ತು ಗ್ರಾಂ ಇರಬಹುದು.